ಊರೂರು ಸುತ್ತಿ ಸಿನಿಮಾ ಕಟ್ಟಿದ ಜಾನ್

ಬಳ್ಳಾರಿಯ ಜೀವ ವಿಮಾ ನಿಗಮದ ಕಚೇರಿಗೆ 1962ರಲ್ಲಿ ಕೇರಳದ ಯುವಕನೊಬ್ಬ ಸಹಾಯಕನಾಗಿ ಬಂದು ಸೇರಿಕೊಂಡ. ವಿಮಾ ವ್ಯವಹಾರ ರಾಷ್ಟ್ರೀಕರಣಗೊಂಡು ಆಗಿನ್ನೂ ಆರು ವರ್ಷ. ಅಂಥ ನೌಕರಿ ಸಿಕ್ಕಿತೆಂದರೆ ಆ ಕಾಲದ ಮಧ್ಯಮ ವರ್ಗದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುತ್ತಿದ್ದರು, ಇಲ್ಲವೇ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದರು. ತಿಂಗಳಿಗೆ ತಪ್ಪದ ಸಂಬಳ, ಭವಿಷ್ಯ ನಿಧಿ, ಕನ್ಯಾಪಿತೃಗಳ ಕಣ್ಣಲ್ಲಿ ಗೌರವ ಎಲ್ಲವೂ ಅದರೊಂದಿಗೆ ಬರುತ್ತಿದ್ದವು. ಮೂರು ವರ್ಷ ಕಳೆಯುವಷ್ಟರಲ್ಲಿ ಆತ ಆ ಕುರ್ಚಿಯನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ವಿದ್ಯಾರ್ಥಿಯಾಗಿ ಹೊರಟುಹೋದ. 1990ರ ದಶಕದಲ್ಲಿ ನಾನು ಅದೇ ಜಿಲ್ಲೆಯಲ್ಲಿ ಸರ್ಕಾರಿ ಕೆಲಸದಲ್ಲಿದ್ದೆನಾದರೂ ಈ ಸಂಗತಿ ನನಗೆ ಆಗ ತಿಳಿದಿರಲಿಲ್ಲ. ಕಾಯಂ ನೌಕರಿಯನ್ನು ಒಂದು ದಿನವೂ ಬಿಡುವ ಧೈರ್ಯ ಮಾಡದ ನನ್ನಂಥವನಿಗೆ ತಿಳಿದಿದ್ದರೆ ತುಸು ಮುಜುಗರವೇ ಆಗುತ್ತಿತ್ತೇನೋ.

ಆ ಯುವಕನ ಹೆಸರು ಜಾನ್ ಅಬ್ರಹಾಂ. ಇಂದಿನ ತರುಣರು ಈ ಹೆಸರು ಕೇಳಿದೊಡನೆ ಹಿಂದಿಯ ನಟನನ್ನು ನೆನೆಯುತ್ತಾರೆ. ಅದು ಅವರ ತಪ್ಪಲ್ಲ. ನಾನು ಹೇಳಹೊರಟಿರುವುದು 1987ರಲ್ಲೇ ತೀರಿಕೊಂಡ, ನಾಲ್ಕೇ ಕಥಾಚಿತ್ರಗಳನ್ನು ನಿರ್ದೇಶಿಸಿದ, ಆದರೆ ಚಲನಚಿತ್ರಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಈ ದೇಶದಲ್ಲಿ ಬೇರಾರೂ ಕೇಳದಷ್ಟು ನಿಷ್ಠುರವಾಗಿ ಕೇಳಿದ ನಿರ್ದೇಶಕನ ಬಗ್ಗೆ. ಮಲಯಾಳಿಗಳಿಗೆ ಅವರು ಇಂದಿಗೂ ಬರಿಯ ಜಾನ್.

ಹುಟ್ಟಿದ್ದು 1937ರ ಆಗಸ್ಟ್ 11ರಂದು, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಕುಟ್ಟನಾಡಿನ ಕ್ರೈಸ್ತ ಕುಟುಂಬದಲ್ಲಿ. ಕೊಟ್ಟಾಯದ ಸಿಎಂಎಸ್ ಕಾಲೇಜಿನಲ್ಲಿ ಓದುವಾಗ ಅಜ್ಜನ ಜೊತೆಗಿದ್ದರು. ಕ್ಯಾಮೆರಾದ ಪರಿಚಯವಾದದ್ದು ಆ ಅಜ್ಜನಿಂದಲೇ ಎನ್ನುತ್ತಾರೆ. ತಿರುವಲ್ಲದಲ್ಲಿ ಪದವಿ ಮುಗಿಸಿ, ಧಾರವಾಡದ ವಿಶ್ವವಿದ್ಯಾಲಯದ ಮೂಲಕ ರಾಜ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿ, ಅದನ್ನು ನಡುವೆ ಕೈಬಿಟ್ಟು ಬಳ್ಳಾರಿಗೆ ಬಂದರು. ಕರ್ನಾಟಕದೊಂದಿಗಿನ ಅವರ ನಂಟು ಇಷ್ಟೇ. ಅದನ್ನು ದೊಡ್ಡದು ಮಾಡಿ ಹೇಳುವ ಅಗತ್ಯವಿಲ್ಲ.

ಪುಣೆಯಲ್ಲಿ ಅವರಿಗೆ ದೊರೆತ ಗುರು ಋತ್ವಿಕ್ ಘಟಕ್. ಬಂಗಾಳದ ವಿಭಜನೆಯ ಗಾಯವನ್ನು ಬಿಟ್ಟು ಬೇರೇನನ್ನೂ ಚಿತ್ರಿಸಲಾರೆ ಎಂಬಂತೆ ಬದುಕಿದ, ಇಪ್ಟಾ ರಂಗತಂಡದ ಸಾಮೂಹಿಕ ದುಡಿಮೆಯಲ್ಲಿ ಪಳಗಿದ, ಕುಡಿತದಿಂದ ತಮ್ಮನ್ನು ತಾವೇ ಸುಟ್ಟುಕೊಂಡ ಮಹಾಪ್ರತಿಭೆ ಘಟಕ್. ಅವರು ಆ ಸಂಸ್ಥೆಯಲ್ಲಿ ಪಾಠ ಹೇಳಿದ್ದು ಸ್ವಲ್ಪ ಕಾಲ ಮಾತ್ರ. ಆದರೂ ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಈ ಮೂವರೂ ಆ ಗರಡಿಯಿಂದಲೇ ಬಂದವರು. ಗುರುವಿನ ಪ್ರತಿಭೆಯ ಜೊತೆಗೆ ಅವರ ದೌರ್ಬಲ್ಯವೂ ಶಿಷ್ಯನಿಗೆ ಬಂದಿತೆಂಬುದನ್ನು ಜಾನ್ ಅವರ ಅಭಿಮಾನಿಗಳು ಕೊಂಚ ಹೆಚ್ಚೇ ಪ್ರೀತಿಯಿಂದ ಹೇಳುತ್ತಾರೆ. ಚಿತ್ರಕಥೆ ಮತ್ತು ನಿರ್ದೇಶನ ಎರಡರಲ್ಲೂ ಚಿನ್ನದ ಪದಕ ಪಡೆದು ಹೊರಬಂದ ಜಾನ್, ಮಣಿ ಕೌಲ್ ಅವರ 'ಉಸ್ಕಿ ರೋಟಿ'ಯಲ್ಲಿ ಸಹಾಯಕರಾಗಿ ದುಡಿದರು.

1972ರಲ್ಲಿ ಅವರ ಮೊದಲ ಚಿತ್ರ 'ವಿದ್ಯಾರ್ಥಿಗಳೇ ಇದಿಲೇ ಇದಿಲೇ' ತೆರೆ ಕಂಡಿತು. ಮಧು, ಜಯಭಾರತಿ, ಅಡೂರ್ ಭಾಸಿಯಂಥ ಜನಪ್ರಿಯ ತಾರೆಯರಿದ್ದ, ಮಾರುಕಟ್ಟೆಯ ಹದಕ್ಕೆ ಹತ್ತಿರವಿದ್ದ ಚಿತ್ರ ಅದು, ಗೆಲ್ಲಲಿಲ್ಲ. ಶಾಲೆಯ ಅಂಗಳದಲ್ಲಿ ಚೆಂಡಾಡುವಾಗ ಪ್ರತಿಮೆಯೊಂದನ್ನು ಒಡೆದುಹಾಕುವ ಹುಡುಗರು ಅದರ ವೆಚ್ಚ ತೆರಲು ತಾವೇ ಹಣ ಕೂಡಿಸಹೊರಡುವುದು ಅದರ ಕಥೆ. ಹನ್ನೆರಡು ವರ್ಷಗಳ ಬಳಿಕ ಈ ನಿರ್ದೇಶಕರೇ ಹಾಗೆ ಊರೂರಲ್ಲಿ ಕೈಯೊಡ್ಡಿ ನಿಂತರೆಂಬುದನ್ನು ತಿಳಿದು ಈಗ ನೋಡಿದರೆ, ಆ ಸಾಧಾರಣ ಚಿತ್ರವೂ ಬೇರೆಯಾಗಿ ಕಾಣುತ್ತದೆ.

ಇಲ್ಲಿ ಆ ಕಾಲದ ಅರ್ಥವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕು. ಅರ್ಥಶಾಸ್ತ್ರ ಓದಿದವನ ಹಳೆಯ ಚಾಳಿ ಎಂದು ಓದುಗರು ಕ್ಷಮಿಸಬೇಕು. ಚಲನಚಿತ್ರ ವಿಚಿತ್ರವಾದ ಸರಕು. ಮೊದಲ ಪ್ರತಿಗೆ ತಗಲುವ ವೆಚ್ಚ ಅಪಾರ, ಎರಡನೆಯ ಪ್ರತಿಗೆ ಅತ್ಯಲ್ಪ. ಹಾಗಾಗಿ ಒಂದು ಅಡಿ ರೀಲು ಓಡುವ ಮುನ್ನವೇ ಯಾರಾದರೊಬ್ಬರು ದೊಡ್ಡ ಗಂಟನ್ನು ಮುಂದಿಡಬೇಕು. ಗಂಟು ಇಟ್ಟವನು ಕಥೆಯ ಮೇಲೆ ಹಕ್ಕು ಸ್ಥಾಪಿಸುವುದು ಸಹಜ. ಮದರಾಸಿನ ಫೈನಾನ್ಶಿಯರುಗಳ ಬಡ್ಡಿಯ ಹಣ ಒಂದು ದಾರಿಯಾಗಿತ್ತು. 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಚಲನಚಿತ್ರ ಹಣಕಾಸು ನಿಗಮ ಇನ್ನೊಂದು ದಾರಿ. ಹೊಸ ಅಲೆಯ ಅನೇಕ ಚಿತ್ರಗಳು, ಅಡೂರ್ ಗೋಪಾಲಕೃಷ್ಣನ್ ಅವರ 'ಸ್ವಯಂವರಂ' ಸಹಿತ, ಈ ನಿಗಮದ ಸಾಲದಿಂದಲೇ ಸಾಧ್ಯವಾದವು. ಅಡೂರ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ 'ಚಿತ್ರಲೇಖ' ಫಿಲ್ಮ್ ಸೊಸೈಟಿಯನ್ನೂ ಅದರ ಜೊತೆಗೆ ಚಿತ್ರನಿರ್ಮಾಣದ ಸಹಕಾರ ಸಂಘವನ್ನೂ ಕಟ್ಟಿದರು. ನಮ್ಮಲ್ಲಿ ಪಟ್ಟಾಭಿರಾಮ ರೆಡ್ಡಿ ಅವರು 1970ರಲ್ಲಿ 'ಸಂಸ್ಕಾರ'ವನ್ನು ಸ್ವಂತ ಹಣದಲ್ಲಿ, ಗೆಳೆಯರ ನೆರವಿನಲ್ಲಿ ಮಾಡಿ ಮುಗಿಸಿದರು. ಇವೆಲ್ಲವೂ ಗೌರವದ ದಾರಿಗಳೇ. ಆದರೆ ಸಾಲದ ಅರ್ಜಿ ಎಂದ ಮೇಲೆ ಅದರ ಹಿಂದೆ ಚಿತ್ರಕಥೆಯನ್ನು ತೂಗುವ ಸಮಿತಿ ಇರುತ್ತದೆ, ಜಾಮೀನು ಇರುತ್ತದೆ, ಟಿಪ್ಪಣಿ ಬರೆಯುವ ನನ್ನಂಥ ಗುಮಾಸ್ತ ಬುದ್ಧಿಯ ಅಧಿಕಾರಿಯೂ ಇರುತ್ತಾನೆ. ಜಾನ್ ಅವರ ಚಿತ್ರಕಥೆಯೊಂದು ನನ್ನ ಮೇಜಿಗೆ ಬಂದಿದ್ದರೆ, ಪರಿಶೀಲಿಸಿ ಮಂಡಿಸುವುದು ಎಂದು ಬರೆದು ಕೆಳಗೆ ಕಳಿಸುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

1977ರಲ್ಲಿ ಅವರು ತಮಿಳಿನಲ್ಲಿ ಮಾಡಿದ 'ಅಗ್ರಹಾರತ್ತಿಲ್ ಕಳುದೈ' ಅಂಥದೊಂದು ಚಿತ್ರ. ವಿಮರ್ಶಕ ವೆಂಕಟ್ ಸ್ವಾಮಿನಾಥನ್ ಅದರ ಚಿತ್ರಕಥೆ ಬರೆದರು. ತಾಯಿ ಸತ್ತ ಕತ್ತೆಮರಿಯೊಂದನ್ನು ಕಾಲೇಜಿನ ಪ್ರಾಧ್ಯಾಪಕರೊಬ್ಬರು ಸಾಕತೊಡಗುತ್ತಾರೆ. ಊರವರು ನಗುತ್ತಾರೆ, ಕಾಲೇಜು ಆಕ್ಷೇಪಿಸುತ್ತದೆ. ಅದನ್ನು ಅವರು ತಮ್ಮ ಹುಟ್ಟೂರಿನ ಅಗ್ರಹಾರಕ್ಕೆ ಒಯ್ದು, ಮಾತು ಬಾರದ ಹುಡುಗಿಯೊಬ್ಬಳ ಕೈಗೊಪ್ಪಿಸುತ್ತಾರೆ. ಅಗ್ರಹಾರದಲ್ಲಿ ನಡೆಯುವ ಪ್ರತಿ ಕೆಡುಕಿಗೂ ಕತ್ತೆಯೇ ಕಾರಣವಾಗುತ್ತದೆ. ಕೊನೆಗೆ ಅದನ್ನು ಹೊಡೆದು ಕೊಲ್ಲುತ್ತಾರೆ. ಕೊಂದ ಮೇಲೆ ಒಳ್ಳೆಯದು ನಡೆಯತೊಡಗಿದಾಗ ಅದೇ ಕತ್ತೆ ದೈವವಾಗಿ, ಅದಕ್ಕೆ ಗುಡಿ ಕಟ್ಟುವ ಮಾತು ಹೊರಡುತ್ತದೆ. ಫ್ರಾನ್ಸಿನ ರಾಬರ್ಟ್ ಬ್ರೆಸೋನ್ ಕತ್ತೆಯೊಂದನ್ನೇ ನಡುವಿಟ್ಟು ಮಾಡಿದ ಚಿತ್ರದ ನೆನಪು ಇಲ್ಲಿ ಇದೆ. ಆದರೆ ಬ್ರೆಸೋನ್ ಅವರ ಕತ್ತೆ ಸಂತನಾಗಿಯೇ ಸಾಯುತ್ತದೆ. ಜಾನ್ ಅವರ ಕತ್ತೆಯನ್ನು ನಾವು ಕೊಂದು ಆಮೇಲೆ ಸಂತನಾಗಿಸುತ್ತೇವೆ.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ, ಜಾನ್ ಅವರ ಚಿತ್ರಕ್ಕೆ ಅತ್ಯುತ್ತಮ ತಮಿಳು ಚಿತ್ರವೆಂಬ ಮನ್ನಣೆ ದೊರೆತವು. ಇಬ್ಬರೂ ಪುಣೆಯಲ್ಲಿ ಓದಿದವರು, ಎರಡೂ ಅಗ್ರಹಾರದ ಕಥೆಗಳು, ಎರಡರಲ್ಲೂ ಗರ್ಭವೊಂದು ಸಮಾಜದ ತೀರ್ಪಿಗೆ ಸಿಲುಕುತ್ತದೆ. ಕನ್ನಡದಲ್ಲಿ ಆ ಚಿತ್ರಕ್ಕೆ ಸಿಕ್ಕ ಸ್ವಾಗತ ತಮಿಳಿನಲ್ಲಿ ಈ ಚಿತ್ರಕ್ಕೆ ಸಿಗಲಿಲ್ಲ. ಮುಂದೆ ದೂರದರ್ಶನವೂ ವಿರೋಧಕ್ಕೆ ಮಣಿದು ಅದರ ಪ್ರಸಾರವನ್ನು ಕೈಬಿಟ್ಟಿತು.

ಪ್ರಾಧ್ಯಾಪಕನ ಪಾತ್ರ ವಹಿಸಿದವರು ನಟರಲ್ಲ, ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್. ಮದರಾಸಿನ ಸ್ಟುಡಿಯೋಗಳಲ್ಲಿ ದಿನಗೂಲಿಗಿಂತ ಕಡೆಯಾಗಿ ದುಡಿಯುತ್ತಿದ್ದ ವಾದ್ಯಗಾರರಿಗೆ ಸಂಘ ಕಟ್ಟಿಕೊಟ್ಟು, ಅವರ ಸಂಭಾವನೆ ಕೈಸೇರುವಂತೆ ಹೋರಾಡಿದವರು. ನೂರಾರು ಕಂಠಗಳನ್ನು ಕೂಡಿಸಿ ವೃಂದಗಾನ ಹಾಡಿಸಿದವರೂ ಅವರೇ. ಚಲನಚಿತ್ರವು ಬಹುಜನರ ದುಡಿಮೆ, ಆ ದುಡಿಮೆಗೆ ಬೆಲೆ ಸಲ್ಲಬೇಕು ಎಂಬ ತತ್ವಕ್ಕೆ ದಕ್ಷಿಣದಲ್ಲಿ ಅವರಿಗಿಂತ ದೊಡ್ಡ ವಕೀಲರಿರಲಿಲ್ಲ. ಅವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

1979ರ 'ಚೆರಿಯಾಚ್ಚನ್ಡೆ ಕ್ರೂರಕೃತ್ಯಂಙಳ್' ಕುಟ್ಟನಾಡಿಗೆ ಮರಳಿದ ಚಿತ್ರ. ರೈತರ ಮೇಲೆ ನಡೆಯುವ ಪೊಲೀಸ್ ಹಿಂಸೆಯನ್ನು ಕಣ್ಣಾರೆ ಕಂಡ ಸಣ್ಣ ಜಮೀನ್ದಾರನೊಬ್ಬ, ತಾನೇನೂ ಮಾಡದಿದ್ದರೂ ಪಾಪಪ್ರಜ್ಞೆಯಿಂದ ಬುದ್ಧಿ ಕಳೆದುಕೊಳ್ಳುತ್ತ ಹೋಗುವ ಕಥೆ. ತೆರೆಗೆ ಬಂದೊಡನೆ ಜನ ನಗಲು ಸಿದ್ಧರಾಗುತ್ತಿದ್ದ ಹಾಸ್ಯನಟ ಅಡೂರ್ ಭಾಸಿ ಅವರನ್ನು ಈ ಪಾತ್ರಕ್ಕೆ ಆರಿಸಿದ್ದೇ ನಿರ್ದೇಶಕರ ಒಳನೋಟ. ಭಾಸಿ ಅವರಿಗೆ ಅದರಿಂದ ರಾಜ್ಯಪ್ರಶಸ್ತಿ ಬಂದಿತು.

ಇಲ್ಲಿಯವರೆಗಿನ ಕಥೆ ಪ್ರತಿಭಾವಂತ ನಿರ್ದೇಶಕನೊಬ್ಬನದು. ಮುಂದಿನದು ಬೇರೆ.

1984ರಲ್ಲಿ ಜಾನ್ ಮತ್ತು ಗೆಳೆಯರು ಕೋಳಿಕ್ಕೋಡಿನಲ್ಲಿ 'ಒಡೆಸ್ಸ' ಎಂಬ ಬಳಗ ಕಟ್ಟಿದರು. 1925ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರದಲ್ಲಿ ಐಸೆನ್‌ಸ್ಟೈನ್ ಅಮರಗೊಳಿಸಿದ ಒಡೆಸ್ಸದ ಮೆಟ್ಟಿಲುಗಳ ನೆನಪಿಗೆ ಇಟ್ಟ ಹೆಸರು. ಬಳಗದ ಕಾರ್ಯಕ್ರಮ ಸರಳವಾಗಿತ್ತು. 16 ಎಂಎಂ ಪ್ರೊಜೆಕ್ಟರ್ ಹೊತ್ತು ಊರೂರಿಗೆ ಹೋಗುವುದು, ಚಂಡೆ ಬಾರಿಸಿ ಜನ ಸೇರಿಸುವುದು, ಬೀದಿನಾಟಕ ಆಡುವುದು, ಚಾಪ್ಲಿನ್ನರ 'ದಿ ಕಿಡ್'ನಂಥ ಚಿತ್ರ ತೋರಿಸುವುದು, ಕೊನೆಗೆ ತಾವು ಮಾಡಲಿರುವ ಚಿತ್ರಕ್ಕಾಗಿ ಜನರಿಂದ ಕೈಲಾದಷ್ಟು ಬೇಡುವುದು. ಕೊಟ್ಟವರಿಗೆ ಲಾಭಾಂಶದ ಭರವಸೆ ಇರಲಿಲ್ಲ. ಸಿದ್ಧವಾದ ಚಿತ್ರವನ್ನು ಥಿಯೇಟರಿನ ವ್ಯಾಪಾರಕ್ಕೆ ಒಪ್ಪಿಸದೆ ಮರಳಿ ಅದೇ ಜನರ ಬಳಿಗೆ ತರುತ್ತೇವೆ ಎಂಬುದೊಂದೇ ಕರಾರು.

ಇದನ್ನು ಓದಿದೊಡನೆ ಕೆಲವರಿಗೆ 'ಮಂಥನ್' ನೆನಪಾಗಬಹುದು. ಶ್ಯಾಮ್ ಬೆನೆಗಲ್ ಅವರ ಆ 1976ರ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ರೂಪಾಯಿ ಕೂಡಿತು. ನಮ್ಮ ಗಿರೀಶ ಕಾರ್ನಾಡರು ಅದರ ನಾಯಕ. ಅದು ಅಸಾಧಾರಣ ಪ್ರಯೋಗವೇ ಸರಿ. ಆದರೆ ಅಲ್ಲಿ ಹಾಲು ಮಹಾಮಂಡಳವಿತ್ತು, ವರ್ಗೀಸ್ ಕುರಿಯನ್ ಅವರಂಥ ಆಡಳಿತಗಾರರಿದ್ದರು, ಹಾಲಿನ ಲೆಕ್ಕದಲ್ಲೇ 2 ರೂಪಾಯಿ ಹಿಡಿದುಕೊಳ್ಳುವ ಏರ್ಪಾಟಿತ್ತು, ಮತ್ತು ಚಿತ್ರ ಆ ಸಹಕಾರ ಚಳವಳಿಯ ಕಥೆಯನ್ನೇ ಹೇಳುತ್ತಿತ್ತು. ಒಡೆಸ್ಸದವರ ಬಳಿ ಇಂಥದ್ದೇನೂ ಇರಲಿಲ್ಲ. ಒಬ್ಬೊಬ್ಬರನ್ನೂ ಬೀದಿಯಲ್ಲಿ ನಿಲ್ಲಿಸಿ, ಸಿನಿಮಾ ಎಂಬುದು ನಿಮ್ಮದೂ ಹೌದು ಎಂದು ಮನಗಾಣಿಸಬೇಕಿತ್ತು. ಒಬ್ಬನೇ ಹತ್ತು ಲಕ್ಷ ಕೊಟ್ಟರೆ ಅವನು ಯಜಮಾನ. ಸಾವಿರಾರು ಮಂದಿ ಒಂದೊಂದು, ಎರಡೆರಡು ರೂಪಾಯಿ ಕೊಟ್ಟರೆ ಅವರಲ್ಲಿ ಯಾರೊಬ್ಬರೂ ಯಜಮಾನರಲ್ಲ; ಆದರೆ ನಿರ್ದೇಶಕನ ಮೇಲೆ ಅಷ್ಟೂ ಮಂದಿಯ ಋಣವಿರುತ್ತದೆ. ಸಾಲವನ್ನು ಬಡ್ಡಿ ಸಮೇತ ತೀರಿಸಿ ಕೈ ತೊಳೆದುಕೊಳ್ಳಬಹುದು, ಈ ಋಣವನ್ನು ಚಿತ್ರದಿಂದಲೇ ತೀರಿಸಬೇಕು.

ಹಾಗೆ ತೀರಿಸಿದ ಚಿತ್ರ 1986ರ 'ಅಮ್ಮ ಅರಿಯಾನ್'. ಅಮ್ಮನಿಗೆ ತಿಳಿಯಲೆಂದು, ಎಂದರೆ ನಮ್ಮ ಹಿರಿಯರು ಕಾಗದದ ತಲೆಯಲ್ಲಿ ಕ್ಷೇಮ ಸಮಾಚಾರ ಬರೆಯುತ್ತಿದ್ದರಲ್ಲ, ಮಲಯಾಳದಲ್ಲಿ ಅಂಥದೊಂದು ಒಕ್ಕಣೆ. ದೆಹಲಿಗೆ ಹೊರಟ ಪುರುಷನ್ ಎಂಬ ಯುವಕ ವಯನಾಡಿನ ದಾರಿಯಲ್ಲಿ ಮರಕ್ಕೆ ನೇತುಬಿದ್ದ ಶವವೊಂದನ್ನು ಕಾಣುತ್ತಾನೆ. ಮುಖ ಎಲ್ಲೋ ನೋಡಿದಂತಿದೆ, ಯಾರೆಂದು ಹೊಳೆಯದು. ಪ್ರಯಾಣ ಬಿಟ್ಟು, ಗೆಳೆಯರನ್ನು ಹುಡುಕಿ ಕೇಳುತ್ತ ಹೋದಾಗ ಆತ ಹರಿ ಎಂಬ ತಬಲಾವಾದಕನೆಂದು ಗೊತ್ತಾಗುತ್ತದೆ. ಅವನ ತಾಯಿ ಕೊಚ್ಚಿಯಲ್ಲಿದ್ದಾಳೆ; ಆಕೆಗೆ ಸುದ್ದಿ ತಿಳಿಸಬೇಕು. ಬಡಗಣ ಬೆಟ್ಟಗಳಿಂದ ತೆಂಕಣ ಕಡಲವರೆಗಿನ ಆ ದಾರಿಯಲ್ಲಿ ಒಬ್ಬೊಬ್ಬರಾಗಿ ಗೆಳೆಯರು ಸೇರಿಕೊಳ್ಳುತ್ತಾರೆ. ಪ್ರತಿ ಮನೆಯಲ್ಲೂ ಒಬ್ಬ ತಾಯಿ ಮಗನನ್ನು ಕಳಿಸಿಕೊಡುತ್ತಾಳೆ. ವೈದ್ಯಕೀಯ ವಿದ್ಯಾರ್ಥಿಗಳ ಮುಷ್ಕರ, ಕಲ್ಲುಗಣಿಯ ಕಾರ್ಮಿಕರ ಹೋರಾಟ ಮುಂತಾದ ನಿಜದ ಘಟನೆಗಳು ನಡುನಡುವೆ ಬರುತ್ತವೆ. ಇಬ್ಬರು ಹೋಗಿ ನಾಲ್ವರು, ನಾಲ್ವರು ಹೋಗಿ ಒಂದು ಗುಂಪೇ ಆಗಿ ಆ ತಾಯಿಯ ಮುಂದೆ ನಿಲ್ಲುತ್ತದೆ. ಹಣವನ್ನು ಊರೂರಿನಿಂದ ಕೂಡಿಸಿದ ಕ್ರಮ ಮತ್ತು ಚಿತ್ರದೊಳಗೆ ಜನ ಕೂಡುವ ಕ್ರಮ ಒಂದೇ ಆಗಿರುವುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

1976ರ ತುರ್ತು ಪರಿಸ್ಥಿತಿಯಲ್ಲಿ ಕೋಳಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಪೊಲೀಸ್ ಶಿಬಿರದಲ್ಲಿ ಸತ್ತು, ದೇಹವೂ ಸಿಗದೆ, ತಂದೆ ವರ್ಷಗಟ್ಟಲೆ ನ್ಯಾಯಾಲಯ ಅಲೆದದ್ದನ್ನು ಬಲ್ಲವರಿಗೆ ಆ ಶವದ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾನು ಈ ಚಿತ್ರ ನೋಡಿದ್ದು ಬೆಂಗಳೂರಿನ ಒಂದು ಚಿತ್ರ ಸಮಾಜದಲ್ಲಿ, ಸೇವೆಗೆ ಸೇರಿ ಕೆಲವು ವರ್ಷವಾದ ಮೇಲೆ. ಅಷ್ಟರಲ್ಲಿ ದಂಡಾಧಿಕಾರಿಯಾಗಿ ಹಲವು ಶವ ಪಂಚನಾಮೆಗಳಿಗೆ ಸಹಿ ಮಾಡಿದ್ದೆ. ಸುಮಾರು ಇಪ್ಪತ್ತೈದು ವರ್ಷದ ಅಪರಿಚಿತ ಗಂಡಸು, ಎಣ್ಣೆಗಪ್ಪು ಮೈಬಣ್ಣ, ಎಡಗೈ ಮೇಲೆ ಹಚ್ಚೆ, ಹೀಗೆ ಸಾಗುವ ಆ ವಾಕ್ಯಗಳು ನನಗೆ ಬಾಯಿಪಾಠವಾಗಿದ್ದವು. ವಾರಸುದಾರರು ಬಾರದ ಕಡತಗಳು ಮುಕ್ತಾಯವಾಗುತ್ತಿದ್ದವು. ಆ ಅಪರಿಚಿತನ ಮನೆ ಹುಡುಕಿ ಹೊರಡುವ ಯೋಚನೆ, ಕಾರು, ಸಿಬ್ಬಂದಿ ಎಲ್ಲ ಇದ್ದ ನನಗೆ ಒಮ್ಮೆಯೂ ಬಂದಿರಲಿಲ್ಲ. ಚಿತ್ರ ಮುಗಿದ ಮೇಲೆ ಸ್ಕೂಟರ್ ಸ್ಟಾರ್ಟ್ ಮಾಡಲು ತುಸು ಹೊತ್ತು ಹಿಡಿಯಿತು.

ಛಾಯಾಗ್ರಾಹಕ ವೇಣು, ಸಂಕಲನಕಾರ್ತಿ ಬೀನಾ ಪಾಲ್ ಇಬ್ಬರೂ ಆಗ ಪುಣೆಯಿಂದ ಹೊರಬಂದ ತರುಣರು. ಪುರುಷನ್ ಆಗಿ ನಟಿಸಿದ ಜಾಯ್ ಮ್ಯಾಥ್ಯೂ ಮುಂದೆ 2012ರಲ್ಲಿ 'ಶಟರ್' ನಿರ್ದೇಶಿಸಿ ಹೆಸರಾದರು. ಹರಿಯಾಗಿ ಕಾಣಿಸಿಕೊಂಡ ಹರಿನಾರಾಯಣನ್ ನಿಜಜೀವನದಲ್ಲೂ ತಾಳವಾದ್ಯಗಾರರೇ. ಬಹುತೇಕ ಪಾತ್ರಗಳಲ್ಲಿ ಇರುವವರು ಆ ಊರುಗಳವರೇ. ಇದು ಚಿತ್ರದ ಶಕ್ತಿ, ಅಲ್ಲಲ್ಲಿ ಅದರ ದೌರ್ಬಲ್ಯವೂ ಹೌದು. ನಡುವಿನ ಅರ್ಧ ಗಂಟೆ ಎಳೆದಂತಾಗಿದೆ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ. ತಾಯಂದಿರಿಗೆ ಚಿತ್ರದಲ್ಲಿ ಕಾಯುವ, ಕೇಳಿಸಿಕೊಳ್ಳುವ ಕೆಲಸ ಬಿಟ್ಟು ಬೇರೆ ಇಲ್ಲವೆಂಬ ಆಕ್ಷೇಪವೂ ನ್ಯಾಯವಾದದ್ದೇ.

ಜಾನ್ ಅವರ ಆರಾಧಕರು ಮೆಚ್ಚದ ಇನ್ನೊಂದು ಮಾತನ್ನೂ ಹೇಳಬೇಕು. ಅವರ ಅಲೆಮಾರಿತನ, ಕುಡಿತ, ಮಾತಿಗೆ ತಪ್ಪುವಿಕೆ ಇವೆಲ್ಲ ಕೇರಳದಲ್ಲಿ ಪುರಾಣವಾಗಿವೆ. ಕಲಾವಿದನೆಂದರೆ ಹೀಗೇ ಇರಬೇಕೆಂದು ನಂಬಿ ಹಾಳಾದ ಹುಡುಗರೂ ಇದ್ದಾರೆ. ಪುರಾಣದ ಮರೆಯಲ್ಲಿ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಗೆಳೆತನದ ಮೇಲೆ ನಿಂತ ದುಡಿಮೆಯಲ್ಲಿ ಗೆಳೆಯನ ಮನೆಯ ಅಕ್ಕಿಗೆ ಯಾರು ಹೊಣೆ? ಯಜಮಾನನಿಲ್ಲದ ಕಡೆ ಕೂಲಿ ಕೇಳುವುದು ಯಾರನ್ನು? ಎಂ.ಬಿ. ಶ್ರೀನಿವಾಸನ್ ಅವರ ಹೆಸರನ್ನು ಮೊದಲು ತಂದದ್ದು ಇದಕ್ಕಾಗಿ. ಕಲೆಗಾಗಿ ತ್ಯಾಗ ಎಂಬ ಮಾತಿನ ಹೆಸರಲ್ಲಿ ವಾದ್ಯಗಾರರ ಸಂಭಾವನೆ ಮುಳುಗಿಹೋಗುವುದನ್ನು ಕಂಡೇ ಅವರು ಸಂಘ ಕಟ್ಟಿದವರು. ಜಾನ್ ಅವರ ಚಿತ್ರದಲ್ಲಿ ಕತ್ತೆ ಸಾಕುವ ಮೇಷ್ಟರಾಗಿ ನಿಂತ ಆ ಮನುಷ್ಯನ ವಿವೇಕ ಒಡೆಸ್ಸದ ಕಟ್ಟೋಣದೊಳಗೆ ಸೇರಿದ್ದರೆ ಬಳಗಕ್ಕೆ ಹೆಚ್ಚು ಆಯುಸ್ಸು ದಕ್ಕುತ್ತಿತ್ತು ಎಂಬುದು ನನ್ನ ಎಣಿಕೆ. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ನೋಡಿ ನೋಡಿ ಸವೆದ ಕಣ್ಣು ಹೀಗೆ ಯೋಚಿಸುತ್ತದೆ. ಲೆಕ್ಕದ ಪುಸ್ತಕವನ್ನು ಮೊದಲು ಬರೆದು ಚಿತ್ರವನ್ನು ಆಮೇಲೆ ಮಾಡಹೊರಟಿದ್ದರೆ 'ಅಮ್ಮ ಅರಿಯಾನ್' ಆಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಇಂದು ಅಂತರ್ಜಾಲದ ಮೂಲಕ ಸಾಮಾನ್ಯರಿಂದ ಬಂಡವಾಳ ಕೂಡಿಸುವುದು ಹೊಸತಲ್ಲ. ಪವನ್ ಕುಮಾರ್ ಅವರು 2013ರ 'ಲೂಸಿಯಾ'ವನ್ನು ನೂರಕ್ಕೂ ಮಿಕ್ಕ ಜನರ ಹಣದಲ್ಲಿ ಮಾಡಿ, ಕನ್ನಡದಲ್ಲಿ ಅದು ಸಾಧ್ಯವೆಂದು ತೋರಿಸಿದರು. ಅಲ್ಲಿ ಹಣ ಹಾಕಿದವರಿಗೆ ಪಾಲಿತ್ತು, ಬರಹದಲ್ಲಿ ಒಪ್ಪಂದವಿತ್ತು. ಅದು ಅಚ್ಚುಕಟ್ಟಾದ, ಪ್ರಾಮಾಣಿಕವಾದ ವ್ಯವಹಾರ. ಒಡೆಸ್ಸ ಅದಕ್ಕಿಂತ ಕಡಿಮೆ ಅಚ್ಚುಕಟ್ಟಾದದ್ದು. ಕೊಟ್ಟವರಲ್ಲಿ ಅನೇಕರು ಆ ಒಂದು ರೂಪಾಯಿಗೆ ಅಂದಿನ ಚಹಾ ಬಿಟ್ಟಿದ್ದರು. ಪ್ರತಿಯಾಗಿ ಅವರಿಗೆ ಸಿಗಬೇಕಾದದ್ದು ತಮ್ಮೂರ ಮೈದಾನದಲ್ಲಿ ಒಂದು ರಾತ್ರಿಯ ಪ್ರದರ್ಶನ ಮಾತ್ರ.

ಚಿತ್ರ ಮುಗಿದು ಒಂದು ವರ್ಷವಷ್ಟೇ ಕಳೆದಿತ್ತು. 1987ರ ಮೇ ಕೊನೆಯಲ್ಲಿ ಕೋಳಿಕ್ಕೋಡಿನ ಕಟ್ಟಡವೊಂದರ ಮೇಲಿಂದ ಬಿದ್ದು ತೀವ್ರವಾಗಿ ಗಾಯಗೊಂಡ ಜಾನ್, ಮೇ 31ರಂದು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಐವತ್ತು ತುಂಬಲು ಎರಡು ತಿಂಗಳು ಹನ್ನೊಂದು ದಿನ ಬಾಕಿ ಇದ್ದವು. ಬಳಗದ ಕೆಲವರು ಡಬ್ಬಿ ಕೆಳಗಿಡಲಿಲ್ಲ. ಒಡೆಸ್ಸ ಸತ್ಯನ್ ಎಂದೇ ಹೆಸರಾದ ಸಂಗಾತಿ ಮುಂದಿನ ವರ್ಷಗಳಲ್ಲೂ ಜನರಿಂದ ಕೂಡಿಸಿದ ಹಣದಲ್ಲಿ ಸಾಕ್ಷ್ಯಚಿತ್ರಗಳನ್ನು ಮಾಡಿದರು, ಅವನ್ನು ಹೊತ್ತು ಅದೇ ಊರುಗಳಿಗೆ ಹೋದರು.